ಬಿತ್ತನೆಯ ತಿಂಗಳಲ್ಲಿ ಫೀಸು

(ಚಳ್ಳಕೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸಕ್ಕೆ ಈ ನೆಲದಲ್ಲಿ ವಿಷಯದ ಬರವಿಲ್ಲ. ತಳುಕಿನ ವೆಂಕಣ್ಣಯ್ಯನವರಿದ್ದಾರೆ, ತರಾಸು ಇದ್ದಾರೆ, ಬೆಳಗೆರೆ ಕೃಷ್ಣಶಾಸ್ತ್ರಿಗಳಿದ್ದಾರೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಇದನ್ನೆಲ್ಲ ಬಿಟ್ಟು ಫೀಸು, ಅರ್ಜಿ, ಸಾಲ ಎಂಬ ವಿಷಯ ಹಿಡಿದು ಬಂದಿದ್ದೇನೆ. ಸಂಘಟಕರಿಗೆ ಹೇಳಿದಾಗ, 'ಸಾಹಿತ್ಯಕ್ಕೆ ಸ್ವಲ್ಪ ಹತ್ತಿರ ಬರೋ ಹಾಗೆ ಮಾತಾಡಿ ಸಾರ್' ಅಂದರು. ಕಾಲೇಜಿಗೆ ಸೇರಲಾಗದ ಹುಡುಗ ಸಾಹಿತ್ಯಕ್ಕೆ ಎಷ್ಟು ಹತ್ತಿರ ಬರುತ್ತಾನೆ ಎಂಬುದೂ ಸಾಹಿತ್ಯದ ಪ್ರಶ್ನೆಯೇ ಎಂದು ಸಮಾಧಾನ ಹೇಳಿ ಬಂದಿದ್ದೇನೆ.

ನಾನು ಹೇಳಬೇಕಾದದ್ದು ಒಂದೇ ಸಂಗತಿ. ನಮ್ಮ ಮಕ್ಕಳ ಓದಿಗೆ ಸರ್ಕಾರದ ದುಡ್ಡಿದೆ, ಬ್ಯಾಂಕಿನ ಸಾಲವಿದೆ, ಟ್ರಸ್ಟುಗಳ ನೆರವಿದೆ. ಬೇಕಾದ ತಿಂಗಳಲ್ಲಿ ಮಾತ್ರ ಯಾವುದೂ ಕೈಗೆ ಸಿಗುವುದಿಲ್ಲ.

ತಿಂಗಳ ಲೆಕ್ಕವನ್ನೇ ನೋಡಿ. ಚಳ್ಳಕೆರೆ ಸೀಮೆಯ ಬದುಕು ಶೇಂಗಾದ ಮೇಲೆ ನಿಂತಿದೆ. ಎಣ್ಣೆ ಗಿರಣಿಗಳ ಊರೆಂದು ಹೆಸರು ಬಂದದ್ದೂ ಅದರಿಂದಲೇ. ಜೂನ್ ಕೊನೆಗೆ ಶುರುವಾದ ಬಿತ್ತನೆ, ಮಳೆ ಸತಾಯಿಸಿದ ವರ್ಷ ಆಗಸ್ಟಿನವರೆಗೂ ಎಳೆಯುತ್ತದೆ. ಮನೆಯಲ್ಲಿದ್ದ ಕಾಸು ಬೀಜಕ್ಕೆ, ಗೊಬ್ಬರಕ್ಕೆ, ಬಾಡಿಗೆ ಟ್ರ್ಯಾಕ್ಟರಿಗೆ ಹೋಗಿರುತ್ತದೆ. ಗಿಡ ಕಿತ್ತು, ಕಾಯಿ ಬಿಡಿಸಿ, ಒಣಗಿಸಿ, ಮಂಡಿಗೆ ಹಾಕಿ ದುಡ್ಡು ಎಣಿಸಿಕೊಳ್ಳುವ ಹೊತ್ತಿಗೆ ದೀಪಾವಳಿ. ಮೊಳಕಾಲ್ಮುರಿನ ನೇಕಾರರ ಮನೆಗೆ ಹೋದರೆ ಅಲ್ಲಿಯೂ ಇದೇ ಕಥೆ. ಆಷಾಢದಲ್ಲಿ ಮದುವೆಗಳಿಲ್ಲ, ರೇಷ್ಮೆ ಸೀರೆಗೆ ಗಿರಾಕಿಯಿಲ್ಲ. ಸೀರೆಗೆ ಭೌಗೋಳಿಕ ಸೂಚಿಕೆಯ ಗೌರವ ಸಿಕ್ಕಿದೆ. ಮಗ್ಗದ ಮೇಲೆ ಕೂತವನಿಗೆ ಆ ತಿಂಗಳು ಕೂಲಿ ಸಿಕ್ಕರೆ ಪುಣ್ಯ. ಸರಿಯಾಗಿ ಆ ಹೊತ್ತಿಗೇ ಪರೀಕ್ಷಾ ಪ್ರಾಧಿಕಾರ ಸೀಟು ಹಂಚುತ್ತದೆ. ಕಾಲೇಜು ಫೀಸು ಕೇಳುತ್ತದೆ, ಬೆಂಗಳೂರಿನ ಪಿಜಿಯವರು ಮುಂಗಡ ಕೇಳುತ್ತಾರೆ. ಸರ್ಕಾರದ ವಿದ್ಯಾರ್ಥಿವೇತನ ಖಾತೆಗೆ ಬೀಳುವುದು ಫೆಬ್ರುವರಿಗೋ ಮಾರ್ಚಿಗೋ. ಕೆಲವು ಸಲ ಮುಂದಿನ ವರ್ಷದ ತರಗತಿ ಶುರುವಾದ ಮೇಲೆ.

ಪರಶುರಾಂಪುರ ಹೋಬಳಿಯಲ್ಲಿ ಒಂದು ಮನೆ ಇದೆ ಎಂದುಕೊಳ್ಳಿ. ನಾಲ್ಕೆಕರೆ ಖುಷ್ಕಿ, ಮಗಳಿಗೆ ಬಿ.ಎಸ್ಸಿ. ನರ್ಸಿಂಗ್ ಸೀಟು. ಆಗಸ್ಟಿನೊಳಗೆ 50,000 ರೂಪಾಯಿ ಕಟ್ಟಬೇಕು. ಅಪ್ಪ ಊರಿನ ಸಾವ್ಕಾರರ ಹತ್ತಿರ ಹೋಗುತ್ತಾನೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಪರಿಚಯದವರೆಂದು ಪತ್ರ-ಗಿತ್ರ ಏನೂ ಬೇಡ. ತಿಂಗಳಿಗೆ 1,500, ಎಂಟು ತಿಂಗಳಿಗೆ 12,000. ಆ ಹುಡುಗಿಗೆ ಸರ್ಕಾರದ ರೈತ ವಿದ್ಯಾನಿಧಿಯಿಂದ ವರ್ಷಕ್ಕೆ ಬರುವುದು 8,000. ಅಂದರೆ ಸರ್ಕಾರ ಕೊಟ್ಟದ್ದು ಸಾವ್ಕಾರರ ಬಡ್ಡಿಗೂ ಸಾಲಲಿಲ್ಲ. ವಿದ್ಯಾನಿಧಿ ಬಡ್ಡಿನಿಧಿಯಾಯಿತು. ಯೋಜನೆಯ ವಾರ್ಷಿಕ ವರದಿಯಲ್ಲಿ ಈ ಮನೆ 'ಫಲಾನುಭವಿ' ಕುಟುಂಬ.

ಹಿಂದಿನವರು ಈ ತೊಡಕನ್ನು ಹೇಗೆ ದಾಟಿದರು? ವಾರಾನ್ನದಿಂದ. ವಾರಕ್ಕೆ ಏಳು ಮನೆ, ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ಅದರ ಬಗ್ಗೆ ನಾವು ಭಾವುಕರಾಗಿ ಬರೆಯುತ್ತೇವೆ. ಆ ಏಳು ಬಾಗಿಲುಗಳು ಯಾವ ಜಾತಿಯವರಿಗೆ ತೆರೆಯುತ್ತಿದ್ದವು ಎಂಬುದನ್ನು ಬರೆಯುವುದಿಲ್ಲ. ಮ್ಯಾಸಬೇಡರ ಹಟ್ಟಿಯ ಹುಡುಗನಿಗೆ, ಕಾಡುಗೊಲ್ಲರ ಹುಡುಗನಿಗೆ ವಾರಾನ್ನವೆಲ್ಲಿ? ಮಠಗಳು ಉಚಿತ ವಿದ್ಯಾರ್ಥಿನಿಲಯಗಳನ್ನು ಕಟ್ಟಿದ ಮೇಲೆ ಬಾಗಿಲು ಸ್ವಲ್ಪ ಅಗಲವಾಯಿತು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ನೇಮಿಸಿದ ಲೆಸ್ಲಿ ಮಿಲ್ಲರ್ ಸಮಿತಿ ಹಿಂದುಳಿದವರಿಗೆ ನೌಕರಿಯಲ್ಲಿ ಪಾಲು ಕೇಳಿದ್ದನ್ನು ಎಲ್ಲರೂ ಬಲ್ಲರು. ಅದೇ ಸಮಿತಿ ಅವರ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಿ ಎಂದೂ ಹೇಳಿತ್ತು.

ಅಂಬೇಡ್ಕರ್ ಅವರ ಬದುಕನ್ನೇ ತೆಗೆದುಕೊಳ್ಳಿ. 1913ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ಅವರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅದರ ಅವಧಿ ಮುಗಿಯಿತು. 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಊರಿಗೆ ಬರಬೇಕಾಯಿತು. ಮತ್ತೆ ಹೋಗಲು ಸಾಧ್ಯವಾದದ್ದು 1920ರಲ್ಲಿ. ಅಂಥ ಬುದ್ಧಿಗೂ ದುಡ್ಡಿನ ಗಡುವು ಮೂರು ವರ್ಷದ ತಡೆ ಹಾಕಿತು. ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿದ್ದಾಗಲೇ, 1944ರಲ್ಲಿ, ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. ಇಂದಿಗೂ ನಮ್ಮ ಮಕ್ಕಳು ತುಂಬುವ ಅರ್ಜಿಯ ಮೂಲ ಅದು. 2021ರಲ್ಲಿ ಅದರ ಮಾರ್ಗಸೂಚಿಯನ್ನು ಪರಿಷ್ಕರಿಸಿದಾಗ ಕೇಂದ್ರ ಸರ್ಕಾರ ಒಂದು ಒಳ್ಳೆಯ ಮಾತು ಸೇರಿಸಿತು: ಅರ್ಹ ವಿದ್ಯಾರ್ಥಿಗೆ 'ಫ್ರೀಶಿಪ್ ಕಾರ್ಡ್' ಕೊಡಬೇಕು, ಅದನ್ನು ತೋರಿಸಿದವರಿಂದ ಕಾಲೇಜು ಮುಂಗಡವಾಗಿ ಬೋಧನಾ ಶುಲ್ಕ ಕೇಳಬಾರದು. ಆ ಮಾತು ಬರೆದವರಿಗೆ ಜುಲೈ ತಿಂಗಳ ಕಷ್ಟ ಗೊತ್ತಿತ್ತು ಅನಿಸುತ್ತದೆ. ಆದರೆ ಆ ಕಾರ್ಡನ್ನು ಹೆಸರು ಹಿಡಿದು ಕೇಳುವ ಪೋಷಕರನ್ನು ನಾನು ಈ ಭಾಗದಲ್ಲಿ ಕಂಡಿಲ್ಲ.

ಈಗ ಕಾಗದ ಪತ್ರಗಳ ಮಾತು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ದುಡ್ಡು ನಿಲ್ಲುವುದು ಇಲ್ಲೇ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ದಯೆಯಿಂದ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಪ್ರತಿ ತರಗತಿಯಲ್ಲೂ ಒಬ್ಬ ತಿಪ್ಪೇಸ್ವಾಮಿ ಇದ್ದೇ ಇರುತ್ತಾನೆ, ಒಬ್ಬಳು ತಿಪ್ಪಮ್ಮನೂ. ಕನ್ನಡದಲ್ಲಿ ಹೆಸರು ಒಂದೇ. ಇಂಗ್ಲಿಷಿನಲ್ಲಿ ಬರೆಯುವಾಗ ಶಾಲೆಯ ಮೇಷ್ಟ್ರು 'ಟಿ' ಪಕ್ಕ 'ಎಚ್' ಹಾಕಿದ್ದರು, ಆಧಾರ್ ಮಾಡಿದ ಹುಡುಗ 'ಎಚ್' ಬಿಟ್ಟ. ಒಂದು ಕಡೆ ಕೊನೆಯಲ್ಲಿ 'ವೈ', ಇನ್ನೊಂದು ಕಡೆ 'ಐ'. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರಿನಲ್ಲಿ ಇನಿಷಿಯಲ್ಲೇ ಇಲ್ಲ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ಲಿಗೆ, ಅಂದರೆ ನೀವೆಲ್ಲ ಎಸ್‌ಎಸ್‌ಪಿ ಅನ್ನುವುದಕ್ಕೆ, ಇವರು ಬೇರೆ ಬೇರೆ ಜನ. ಕಾಡುಗೊಲ್ಲರ ಹಟ್ಟಿಯಿಂದ ಬಂದ ಹುಡುಗನ ಶಾಲಾ ದಾಖಲೆಯಲ್ಲಿ ಬರೀ 'ಗೊಲ್ಲ' ಎಂದಿರುತ್ತದೆ, ಪ್ರಮಾಣಪತ್ರಕ್ಕೆ ಹೋದಾಗ ಪೇಚು. ಇವೆಲ್ಲ ತಿದ್ದಿಸಲಾಗದ ತಪ್ಪುಗಳೇನಲ್ಲ. ಆದರೆ ತಿದ್ದಿಸಲು ವಾರಗಟ್ಟಲೆ ಬೇಕು, ಅರ್ಜಿಯ ಕೊನೆಯ ದಿನಕ್ಕೆ ಉಳಿದಿರುವುದು ಮೂರು ದಿನ, ಅದರಲ್ಲೂ ಒಂದು ಭಾನುವಾರ.

ಬ್ಯಾಂಕ್ ಖಾತೆಯದು ಇನ್ನೊಂದು ಕಥೆ. 'ಆಧಾರ್ ಕೊಟ್ಟಿದೀನಿ ಸಾರ್' ಅನ್ನುತ್ತಾರೆ. ಖಾತೆ ತೆರೆಯಲು ಆಧಾರ್ ನಕಲು ಕೊಡುವುದು ಬೇರೆ, ಸರ್ಕಾರದ ಹಣ ಬರಲು ಆ ಖಾತೆಯನ್ನು ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಪಟ್ಟಿಯಲ್ಲಿ ಆಧಾರಿಗೆ ಜೋಡಿಸುವುದು ಬೇರೆ. ಹಣ ಹೋಗುವುದು ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ. ಜಾತ್ರೆಯಲ್ಲಿ ಕೊಡೆ ಕಟ್ಟಿಕೊಂಡು ಸಿಮ್ ಮಾರುವವರ ಹತ್ತಿರ ಹೆಬ್ಬೆಟ್ಟು ಒತ್ತಿದಾಗ, ಸಿಮ್ ಜೊತೆಗೆ ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆಯೂ ಹುಟ್ಟಿಕೊಂಡಿರುತ್ತದೆ. ವಿದ್ಯಾರ್ಥಿವೇತನ ಅಲ್ಲಿ ಹೋಗಿ ಕೂತಿರುತ್ತದೆ. ಹುಡುಗ ಗ್ರಾಮೀಣ ಬ್ಯಾಂಕಿನ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ ಹಾಕಿಸಿ ಸೋಲುತ್ತಾನೆ. ಆ ಸಿಮ್ ಎಂದೋ ಕಳೆದಿದೆ, ಒಟಿಪಿ ಬರುವುದು ಅದಕ್ಕೇ. ಇಲಾಖೆಯ ಕಂಪ್ಯೂಟರಿನಲ್ಲಿ ಮಾತ್ರ 'ಹಣ ಪಾವತಿಯಾಗಿದೆ' ಎಂದು ಹಸಿರು ಅಕ್ಷರ.

ಆದ್ದರಿಂದ ನನ್ನ ಸಲಹೆ: ದ್ವಿತೀಯ ಪಿಯುಸಿಯ ದಸರಾ ರಜೆಯಲ್ಲಿ, ಸೀಟಿನ ಮಾತು ಇನ್ನೂ ಎತ್ತದಿರುವಾಗ, ಈ ಕೆಲಸ ಮುಗಿಸಿ. ನಾಡಕಚೇರಿಯ ಆದಾಯ ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ. ಆ ಅಕ್ಟೋಬರಿನಲ್ಲಿ ಮಾಡಿಸಿದ್ದು ಪದವಿ ಮುಗಿಯುವವರೆಗೂ ಹೆಚ್ಚುಕಡಿಮೆ ಬರುತ್ತದೆ. ಅದರ ಮೇಲಿನ ಆರ್‌ಡಿ ನಂಬರು ಒಂದಿದ್ದರೆ ಹತ್ತು ಅರ್ಜಿಗೆ ಆಯಿತು. ಗ್ರಾಮೀಣ ಮೀಸಲಿಗೆ, ಕನ್ನಡ ಮಾಧ್ಯಮದ ಮೀಸಲಿಗೆ ಒಂದರಿಂದ ಹತ್ತನೇ ತರಗತಿವರೆಗೆ ಓದಿದ ಪತ್ರ ಬೇಕು, ಅದಕ್ಕೆ ಬಿಇಒ ಮೇಲುಸಹಿ ಬೇಕು. ಬೇಸಿಗೆ ರಜೆಯಲ್ಲಿ ಹೋದರೆ ಶಾಲೆಗೆ ಬೀಗ, ಹೆಡ್‌ಮಾಸ್ಟರು ಚುನಾವಣೆ ಕೆಲಸಕ್ಕೋ ಗಣತಿಗೋ ಹೋಗಿರುತ್ತಾರೆ. ಅಪ್ಪನ ಹೆಸರಿನಲ್ಲಿ ಜಮೀನಿದ್ದರೆ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ, ಅಂದರೆ ರೈತನ ಗುರುತಿನ ನಂಬರು, ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ಅದರ ಆಧಾರದ ಮೇಲೇ ಬರುತ್ತದೆ: ಪಿಯುಸಿ ಹುಡುಗನಿಗೆ 2,500ರಿಂದ ಹಿಡಿದು ಎಂಜಿನಿಯರಿಂಗ್, ವೈದ್ಯಕೀಯ ಓದುವ ಹುಡುಗಿಗೆ 11,000ದವರೆಗೆ. ಜಮೀನು ತಾತನ ಹೆಸರಿನಲ್ಲೇ ಉಳಿದ ಮನೆಗಳು ಇಲ್ಲಿ ಬೇಕಾದಷ್ಟಿವೆ; ಪೌತಿ ಖಾತೆ ಮಾಡಿಸಲು ಮಗಳ ಕಾಲೇಜೇ ನೆಪವಾಗಲಿ. 2022ರಲ್ಲಿ ವಿದ್ಯಾನಿಧಿಯನ್ನು ನೇಕಾರರ ಮಕ್ಕಳಿಗೂ ವಿಸ್ತರಿಸಿದರು. ಮೊಳಕಾಲ್ಮುರು, ಕೊಂಡ್ಲಹಳ್ಳಿ ಕಡೆಯವರು ಇದನ್ನು ಗಮನಿಸಬೇಕು.

ಉಳಿದ ಯೋಜನೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹಿಂದುಳಿದ ವರ್ಗದ ಹಾಸ್ಟೆಲಿನಲ್ಲಿ ಜಾಗ ಸಿಗದವರಿಗೆ 2013ರಿಂದ ವಿದ್ಯಾಸಿರಿ ಇದೆ. ತಿಂಗಳಿಗೆ 1,500ರಂತೆ ಹತ್ತು ತಿಂಗಳು ಎಂದು ಶುರುವಾದದ್ದು. ಪರಿಶಿಷ್ಟ ಜಾತಿ, ಪಂಗಡದವರು ಮೊದಲ ಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ಪ್ರೋತ್ಸಾಹಧನವಿದೆ. ಪಿಯುಸಿಗೆ 20,000 ಬರುವುದರಿಂದ ಪದವಿಯ ಮೊದಲ ವರ್ಷಕ್ಕೆ ಅದೇ ದೊಡ್ಡ ಆಸರೆ. ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ಕೊಡುತ್ತಿದೆ. ನನ್ನ ಅಂದಾಜಿನಲ್ಲಿ ಈಗಿರುವುದರಲ್ಲಿ ಇದಕ್ಕಿಂತ ಸರಳವಾದ, ಇದಕ್ಕಿಂತ ಉಪಯೋಗದ ಅರ್ಜಿ ಇನ್ನೊಂದಿಲ್ಲ. ಸರ್ಕಾರಿ ಪಿಯು ಕಾಲೇಜಿನ ಯಾವ ಹುಡುಗಿಯೂ ಇದನ್ನು ಬಿಡಬಾರದು. ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಎಂಬ ಶೇ 5 ಹೆಚ್ಚುವರಿ ಸೀಟುಗಳಿಗೆ ಬೋಧನಾ ಶುಲ್ಕವೇ ಇಲ್ಲ. ಆಯ್ಕೆ ತುಂಬುವಾಗ ಆ ಕಲಂ ನೋಡದೆ ಮುಂದೆ ಹೋಗುವವರೇ ಹೆಚ್ಚು. ರಾಂಪುರದಿಂದ ಬಸ್ಸು ಹತ್ತಿದರೆ ಹತ್ತಿರದಲ್ಲೇ ಬಳ್ಳಾರಿ. ಅಲ್ಲಿನ ಮಕ್ಕಳಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ, ಗಡಿಯ ಈಚೆ ಅದೇ ಬಿಸಿಲು, ಅದೇ ಬರ, ಮೀಸಲಾತಿ ಮಾತ್ರ ಇಲ್ಲ. ಆ ಹೋರಾಟದ ಮಾತು ಇವತ್ತು ಬೇಡ, ಅದಕ್ಕೆ ಬೇರೆ ವೇದಿಕೆಗಳಿವೆ.

ಸಾಲದ ವಿಷಯಕ್ಕೆ ಬರುತ್ತೇನೆ. ನಮ್ಮ ಜನ ಸಾವ್ಕಾರರ ಸಾಲಕ್ಕೆ ಹೆದರುವುದಿಲ್ಲ, ಬ್ಯಾಂಕಿನ ಸಾಲಕ್ಕೆ ಹೆದರುತ್ತಾರೆ. ಮಗಳ ಹೆಸರಿನಲ್ಲಿ ಸಾಲವಿದ್ದರೆ ಗಂಡು ಸಿಗುವುದು ಕಷ್ಟ ಎನ್ನುವ ಅಪ್ಪಂದಿರಿದ್ದಾರೆ. ಅವರ ಭಯವನ್ನು ಗೇಲಿ ಮಾಡುವುದು ಬೇಡ, ಲೆಕ್ಕ ಮುಂದಿಡೋಣ. ನಾಲ್ಕು ವರ್ಷದ ಕೋರ್ಸಿಗೆ ಪ್ರತಿ ವರ್ಷದ ಮೊದಲಿಗೆ ಒಂದೊಂದು ಲಕ್ಷ ಪಡೆದಿರಿ, ಬಡ್ಡಿ ಶೇ 10 ಎಂದುಕೊಳ್ಳೋಣ. ಓದುವ ಕಾಲ ಮತ್ತು ಅದರ ಮೇಲೊಂದು ವರ್ಷ ಕಂತು ಕಟ್ಟಬೇಕಿಲ್ಲ, ಸರಳ ಬಡ್ಡಿ ಮಾತ್ರ ಬೆಳೆಯುತ್ತದೆ. ಮೊದಲ ಲಕ್ಷಕ್ಕೆ ಐದು ವರ್ಷದ 50,000, ಆಮೇಲಿನವಕ್ಕೆ 40,000, 30,000, 20,000. ಒಟ್ಟು 1,40,000. ಕಂತು ಶುರುವಾಗುವಾಗ ತಲೆಯ ಮೇಲೆ 5,40,000. ದೊಡ್ಡ ಮೊತ್ತವೇ. ಆದರೆ ವೃತ್ತಿಪರ ಕೋರ್ಸಾಗಿದ್ದು, ಸಂಸ್ಥೆಗೆ ಮಾನ್ಯತೆಯಿದ್ದು, ಮನೆಯ ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿದ್ದರೆ ಆ 1,40,000 ಬಡ್ಡಿಯನ್ನು ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನವೇ ಭರಿಸಬಹುದು. 2009ರಿಂದ ಈ ಯೋಜನೆಯಿದೆ. ಬ್ಯಾಂಕಿನವರು ತಾವಾಗಿ ನೆನಪಿಸುತ್ತಾರೆಂದು ಕಾಯಬೇಡಿ. ಮಂಜೂರಾತಿಯ ದಿನವೇ ಆದಾಯ ಪ್ರಮಾಣಪತ್ರ ಕೊಟ್ಟು ಕೇಳಿ. ಇದೇ ನಾಲ್ಕು ಲಕ್ಷವನ್ನು ದೇವರಾಜ ಅರಸು ನಿಗಮದ ಅಥವಾ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲದಲ್ಲಿ ಶೇ 2ರಂತೆ ಪಡೆದರೆ ಬಡ್ಡಿ 28,000 ಮಾತ್ರ. ಹಾಗಾಗಿ ಮೊದಲು ಅರಿವಿಗೆ ಅರ್ಜಿ ಹಾಕಿ, ಸಿಗದಿದ್ದರೆ ಬ್ಯಾಂಕಿಗೆ ಹೋಗಿ. ನಮ್ಮಲ್ಲಿ ನಡೆಯುವುದು ತಿರುವುಮುರುವು: ಮೊದಲು ಸಾವ್ಕಾರ, ಆಮೇಲೆ ಬ್ಯಾಂಕು, ಅರಿವಿನ ಅರಿವು ಬರುವಷ್ಟರಲ್ಲಿ ಕೊನೆಯ ದಿನಾಂಕ ಕಳೆದಿರುತ್ತದೆ.

ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕು ಅಡಮಾನ ಕೇಳುವಂತಿಲ್ಲ. ಪೋಷಕರ ಸಹಿ ಸಾಕು. ಆದರೆ ಕೌಂಟರಿನ ಮುಂದೆ ನಿಂತ ಅಪ್ಪನಿಗೆ ಸಿಗುವ ಉತ್ತರ, 'ನಿಮ್ಮ ಬೆಳೆಸಾಲ ಸುಸ್ತಿ ಇದೆಯಲ್ಲ, ಅದನ್ನು ಮೊದಲು ನೋಡಿ.' ಅವನು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಬರುತ್ತಾನೆ. ಅಲ್ಲಿಗೆ ಮುಗಿಯಿತು, ಅರ್ಜಿಯೇ ಕೊಡಲಿಲ್ಲ, ಆದ್ದರಿಂದ ತಿರಸ್ಕಾರವೂ ಆಗಲಿಲ್ಲ. ಬಾಯಿಮಾತಿನ 'ಇಲ್ಲ'ವನ್ನು ಒಪ್ಪಬೇಡಿ. 2015ರಲ್ಲಿ ಆರಂಭವಾದ ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಅರ್ಜಿ ಹಾಕಿದರೆ ಅದಕ್ಕೊಂದು ನಂಬರು ಹುಟ್ಟುತ್ತದೆ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯ ಪ್ರಕಾರ ಮೇಲಿನ ಅಧಿಕಾರಿಯ ಒಪ್ಪಿಗೆಯಿಲ್ಲದೆ ಶಾಖೆ ಅರ್ಜಿಯನ್ನು ತಳ್ಳಿಹಾಕುವಂತಿಲ್ಲ. ವಿದ್ಯಾರ್ಥಿಯ ಸಿಬಿಲ್ ಅಂಕ ಕಡಿಮೆಯಿದೆ ಎಂಬ ಒಂದೇ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದೆಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದೆ. ನಮ್ಮ ಶಾಖೆಗಳಿಗೆ ಅದು ನೇರ ಕಟ್ಟಳೆಯಲ್ಲದಿದ್ದರೂ ವಾದಕ್ಕೆ ಬಲ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಪಿಎಂ ವಿದ್ಯಾಲಕ್ಷ್ಮಿ ಎಂಬ ಇನ್ನೊಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಜಾಮೀನು ಬೇಡ, ಅಡಮಾನ ಬೇಡ. ಆದರೆ ದೇಶದ ಉನ್ನತ ದರ್ಜೆಯ ಸಂಸ್ಥೆಗಳಲ್ಲಿ (ಆಗ 860) ಸೀಟು ಸಿಕ್ಕವರಿಗಷ್ಟೆ. ನಮ್ಮ ಕುದಾಪುರದ ಕಾವಲಿನಲ್ಲಿ 1,500 ಎಕರೆ ಪಡೆದ ಭಾರತೀಯ ವಿಜ್ಞಾನ ಸಂಸ್ಥೆ ಅಂಥ ದರ್ಜೆಯದು. ಕಾವಲಿನಲ್ಲಿ ಕುರಿ ಮೇಯಿಸುತ್ತಿದ್ದವರ ಮಗಳು ಸೇರುವ ಖಾಸಗಿ ನರ್ಸಿಂಗ್ ಕಾಲೇಜು ಆ ದರ್ಜೆಗೆ ಬರುವುದು ಅಪರೂಪ. ಸಾಲ ಸುಲಭವಾಗಿ ಸಿಗಬೇಕಾದವರು ಯಾರು ಎಂಬ ಪ್ರಶ್ನೆಯನ್ನು ಈ ಯೋಜನೆ ತಲೆಕೆಳಗಾಗಿ ಬಿಡಿಸಿದೆ ಎಂದೇ ನನ್ನ ಅಭಿಪ್ರಾಯ.

ಹೊರದೇಶದಲ್ಲಿ ಹೇಗೆ? ಇಂಗ್ಲೆಂಡಿನ ಹುಡುಗ ಫಲಿತಾಂಶ ಬರುವ ಮೊದಲೇ, ವಸಂತದಲ್ಲೇ, ಸಾಲದ ಅರ್ಜಿ ಹಾಕಿರುತ್ತಾನೆ. ಬೋಧನಾ ಶುಲ್ಕ ನೇರ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಖರ್ಚಿನ ದುಡ್ಡು ತರಗತಿ ಶುರುವಾದಾಗ ಕೈಗೆ ಬರುತ್ತದೆ. ಸಂಬಳ ಒಂದು ಮಿತಿ ದಾಟಿದ ಮೇಲೆ, ದಾಟಿದ ಭಾಗದ ಶೇ 9 ಮಾತ್ರ ತೀರಿಸಬೇಕು. ಅಲ್ಲಿಯೂ ಸಾಲ ಬೆಟ್ಟದಷ್ಟು ಬೆಳೆಯುತ್ತದೆಂದು ಗಲಾಟೆಯಿದೆ, ಅದನ್ನು ನಾವು ಹಾಗೇ ತರಬೇಕೆಂದು ನಾನು ಹೇಳುವುದಿಲ್ಲ. ಆ ಪಂಚಾಂಗ ಮಾತ್ರ ನಮಗೂ ಬೇಕು.

ಸರ್ಕಾರದ ಪಂಚಾಂಗ ಬದಲಾಗುವವರೆಗೆ ಊರಿನವರು ಮಾಡಬಹುದಾದ ಒಂದು ಕೆಲಸವಿದೆ. 1892ರಲ್ಲಿ ಜಮ್‌ಷೆಟ್‌ಜಿ ಟಾಟಾ ಹೊರದೇಶದ ಓದಿಗೆಂದು ಒಂದು ನಿಧಿ ಇಟ್ಟರು. ದಾನವಾಗಿ ಅಲ್ಲ, ಸಾಲವಾಗಿ. ಓದಿ ನೆಲೆ ನಿಂತವರು ತೀರಿಸಬೇಕು, ಆ ದುಡ್ಡು ಮುಂದಿನವರಿಗೆ ಹೋಗಬೇಕು. ತುಮಕೂರಿನ ರಾಜಾ ರಾಮಣ್ಣ ಲಂಡನ್ನಿಗೆ ಹೋದದ್ದು ಟಾಟಾ ವಿದ್ಯಾರ್ಥಿವೇತನದಿಂದ. ಅವರು ಮುಂದೆ ಮುಖ್ಯಸ್ಥರಾಗಿದ್ದ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಇವತ್ತು ನಮ್ಮ ಉಳ್ಳಾರ್ತಿ ಕಾವಲಿನಲ್ಲಿ ಜಮೀನಿದೆ. ಟಾಟಾ ಇಟ್ಟ ಆ ನಿಧಿ ಇನ್ನೂ ತಿರುಗುತ್ತಿದೆ.

ನಾವು ಇಡುವ ದತ್ತಿಗಳ ಕ್ರಮ ಬೇರೆ. ಮೂಲಧನ ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ಉಪನ್ಯಾಸ, ಒಂದು ಶಾಲು, ಪ್ರತಿಭಾ ಪುರಸ್ಕಾರ. ಐದು ಲಕ್ಷ ಇಟ್ಟರೆ ಶೇ 7ರ ಬಡ್ಡಿಯಲ್ಲಿ 35,000 ಬರುತ್ತದೆ. ತಲಾ ಹತ್ತು ಸಾವಿರದಂತೆ ಮೂವರು ಮಕ್ಕಳಿಗೆ ಆದೀತು. ಅದೇ ಐದು ಲಕ್ಷವನ್ನು ಜುಲೈಯಲ್ಲಿ ಬಡ್ಡಿಯಿಲ್ಲದ ಕೈಗಡವಾಗಿ ಕೊಟ್ಟರೆ ಐವತ್ತು ಮಕ್ಕಳಿಗೆ ತಲಾ ಹತ್ತು ಸಾವಿರ. ವಿದ್ಯಾರ್ಥಿವೇತನ ಬಂದಾಗಲೋ ಕಾಯಿ ಮಾರಿದಾಗಲೋ ವಾಪಸ್ಸು. ಒಂದಷ್ಟು ಬರುವುದಿಲ್ಲ, ಒಪ್ಪುತ್ತೇನೆ. ಐವತ್ತರಲ್ಲಿ ಐವರು ಕೊಡದೆ ಹೋದರೂ ಆ ವರ್ಷ ಐವತ್ತು ಮಕ್ಕಳು ಕಾಲೇಜಿಗೆ ಸೇರಿರುತ್ತಾರೆ. ನಾಯಕನಹಟ್ಟಿ ಜಾತ್ರೆಯಲ್ಲಿ ಮುಕ್ತಿ ಬಾವುಟದ ಹರಾಜು ಈಚಿನ ವರ್ಷಗಳಲ್ಲಿ ಅರ್ಧ ಕೋಟಿ ದಾಟಿದೆ. ಈ ಸೀಮೆಗೆ ಕೊಡುವ ಕೈ ಇಲ್ಲವೆಂದು ಯಾರೂ ಹೇಳಲಾರರು. ಕೆರೆ ಕಟ್ಟಿಸಿದ ತಿಪ್ಪೇರುದ್ರಸ್ವಾಮಿ ಇಂಥ ಕೈಗಡವನ್ನು ಬೇಡವೆನ್ನುವರೆಂದು ನನಗನಿಸುವುದಿಲ್ಲ.

ಸಭೆಯಲ್ಲಿ ಹೊಸದಾಗಿ ದತ್ತಿ ಇಡುವ ಮನಸ್ಸಿರುವವರು ಇದ್ದಾರೆಂದು ಕೇಳಿದ್ದೇನೆ. ಅವರಲ್ಲಿ ನನ್ನ ವಿನಂತಿ ಇಷ್ಟು: ಇನ್ನೊಂದು ಉಪನ್ಯಾಸಕ್ಕೆ ದುಡ್ಡು ಇಡಬೇಡಿ. ಜುಲೈ ಒಂದರಿಂದ ಆಗಸ್ಟ್ ಮೂವತ್ತೊಂದರೊಳಗೆ ಈ ಎರಡು ತಾಲ್ಲೂಕಿನ ಮಕ್ಕಳ ಮೊದಲ ಕಂತಿಗೆ ಕೈಗಡ ಎಂದು ಪತ್ರ ಬರೆಯಿಸಿ, ಇಬ್ಬರು ಪ್ರಾಂಶುಪಾಲರನ್ನೂ ಒಬ್ಬ ನಿವೃತ್ತ ಬ್ಯಾಂಕ್ ನೌಕರರನ್ನೂ ಸಮಿತಿಗೆ ಹಾಕಿ, ಈ ಅಕ್ಟೋಬರಿನಲ್ಲೇ ಅರ್ಜಿ ಕರೆಯಿರಿ.